ಆಗಸ್ಟ್ ನಾಲ್ಕರ ಹಬ್ಬ, ಮೂರನೇ ವಾರದ ಸಂತೆ

ಜುಲೈ ಕೊನೆಯ ವಾರ ಬಂತೆಂದರೆ ಮಣಿ ಮಾಡುವ ನನ್ನ ಗೆಳತಿಯ ಮನೆಯಲ್ಲಿ ಮಣಿ ಅರೆಯುವ ಚಕ್ರ ನಿಲ್ಲುತ್ತದೆ. ಅರ್ಧ ಆದ ಸರಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಕಪಾಟಿನ ಮೇಲೆ ಇಟ್ಟುಬಿಡುತ್ತಾರೆ. ಅಂಗಳದ ಮಣ್ಣಿನ ಒಲೆ ಹೊತ್ತುತ್ತದೆ. ನೆಂಟರು ಬರುತ್ತಾರೆ, ಒಣಮೆಣಸಿನ ಚೀಲ ಬಿಚ್ಚುತ್ತಾರೆ, ಮಳೆಗೆ ಕಿತ್ತುಹೋದ ಗೋಡೆಗೆ ಹೊಸ ಮಣ್ಣು ಮೆತ್ತುತ್ತಾರೆ. ಅಮೆರಿಕದ ಸಾಂತಾ ಫೆ ನಗರದ ಇಂಡಿಯನ್ ಮಾರ್ಕೆಟ್ಟಿಗೆ ಆಗ ಉಳಿದಿರುವುದು ಮೂರು ವಾರ. 1922ರಲ್ಲಿ ಶುರುವಾದ ಆ ಸಂತೆಗೆ ಈಗ ಸುಮಾರು ಸಾವಿರ ಮೂಲನಿವಾಸಿ ಕಲಾವಿದರು ಬರುತ್ತಾರೆ. ಇವರ ಮನೆಯ ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಆ ಎರಡು ದಿನಗಳಲ್ಲೇ ಕೈಗೆ ಬರಬೇಕು. ಬೇರೆ ಯಾರಾದರೂ ಆಗಿದ್ದರೆ ಈ ಮೂರು ವಾರ ನಿದ್ದೆ ಬಿಟ್ಟು ಮಣಿ ಮಾಡುತ್ತಿದ್ದರು. ಇವರು ಮಾಡುವುದಿಲ್ಲ. ಆಗಸ್ಟ್ 4 ಅವರ ಊರಿನ ಹಬ್ಬ. ಹಬ್ಬ ಮುಗಿದು, ಬಂದವರೆಲ್ಲ ಹೊರಟು, ಪಾತ್ರೆ ತೊಳೆದು ಆದ ಮೇಲೆಯೇ ಚಕ್ರ ತಿರುಗುವುದು.

ಊರಿನ ಹೆಸರು ಕೇವಾ. ನ್ಯೂ ಮೆಕ್ಸಿಕೋದಲ್ಲಿ ಆಲ್ಬುಕರ್ಕಿ ಮತ್ತು ಸಾಂತಾ ಫೆಯ ನಡುವೆ, ರಿಯೋ ಗ್ರಾಂಡೆ ನದಿಯ ದಂಡೆಯಲ್ಲಿರುವ ಪ್ಯೂಬ್ಲೋ, ಅಂದರೆ ಮೂಲನಿವಾಸಿಗಳ ಊರು. ಸ್ಪ್ಯಾನಿಷರು ಇಟ್ಟ ಸಾಂತೋ ಡೊಮಿಂಗೋ ಎಂಬ ಹೆಸರಿನಿಂದ ಬಹಳ ಕಾಲ ಕರೆಸಿಕೊಂಡು, 2009ರಲ್ಲಿ ತಮ್ಮ ಸ್ವಂತ ಹೆಸರನ್ನು ಅಧಿಕೃತವಾಗಿ ಮರಳಿ ತೆಗೆದುಕೊಂಡಿತು. ನಾನಿರುವ ಆಲ್ಬುಕರ್ಕಿಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾನು ಬರೆಯುತ್ತಿರುವ ಹೆಂಗಸು ಅಲ್ಲಿ ಮಣಿ ಮಾಡುತ್ತಾರೆ. ಗಂಡ ಬೆಳ್ಳಿ ಕೆಲಸದವರು. ಆಕೆಯ ವಯಸ್ಸು ಎಪ್ಪತ್ತರ ಹತ್ತಿರ. ಬರೆಯುತ್ತೇನೆ ಎಂದಾಗ, "ನನ್ನ ಹೆಸರು ಬೇಡ, ಊರಿನ ಒಳಗಿನ ಮಾತು ಬೇಡ, ಉಳಿದದ್ದು ನಿನ್ನಿಷ್ಟ" ಎಂದರು. ಕೇವಾದವರು ತಮ್ಮ ಆಚರಣೆಗಳನ್ನು ಹೊರಗಿನವರಿಂದ ಬಹಳ ಎಚ್ಚರಿಕೆಯಿಂದ ಕಾಯ್ದುಕೊಂಡು ಬಂದವರು. ಅವರು ಹೇಳದ್ದನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ನಾನು ತೀರ್ಥಹಳ್ಳಿ ಕಡೆಯ ಅಕ್ಕಸಾಲಿ ಮನೆಯ ಮಗಳು. ಅಪ್ಪಯ್ಯನ ಕುಲುಮೆಯ ಪಕ್ಕ ಕೂತು ಹೋಮ್‌ವರ್ಕ್ ಮಾಡಿದವಳು. ಈಗ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಸಾಂತಾ ಫೆಗೆ ಹೋದಾಗಲೆಲ್ಲ ಗವರ್ನರ್‌ಗಳ ಅರಮನೆಯ ಜಗಲಿಯಲ್ಲಿ ಸಾಲಾಗಿ ಕೂತ ಕಸಬುದಾರರ ಎದುರು ನನ್ನ ಕಾಲು ತಾನೇ ನಿಲ್ಲುತ್ತದೆ. ಒಮ್ಮೆ ಒಂದು ಸರ ಹಿಡಿದು ಬಹಳ ಹೊತ್ತು ಬೆಳಕಿಗೆ ತಿರುಗಿಸುತ್ತಿದ್ದೆ. ಮಣಿ ಎಷ್ಟು ಸಣ್ಣದೆಂದರೆ ಸರ ಕೈಯಲ್ಲಿ ಹಾವಿನ ಹಾಗೆ ಜಾರುತ್ತಿತ್ತು, ಒಂದು ಮಣಿಗೂ ಇನ್ನೊಂದಕ್ಕೂ ನಡುವೆ ಸಂದು ಕಾಣಿಸುತ್ತಿರಲಿಲ್ಲ. "ತೂತು ನೋಡ್ತಿದ್ದೀಯಾ?" ಎಂದು ಮಾರಲು ಕೂತಿದ್ದ ಇವರು ಕೇಳಿದರು. ಹೌದು ಎಂದೆ. "ನಿಮ್ಮ ಮನೆಯಲ್ಲಿ ಯಾರು ಮಾಡ್ತಾರೆ?" ಎಂದು ಮರುಪ್ರಶ್ನೆ. ಕೈಕೆಲಸದವರ ಮನೆಯಲ್ಲಿ ಹುಟ್ಟಿದವರಷ್ಟೇ ಕೇಳುವ ಪ್ರಶ್ನೆ ಅದು. ಅಲ್ಲಿಂದ ಶುರುವಾದ ಗೆಳೆತನ.

ಈ ಮಣಿಗೆ ಹೀಶಿ ಎನ್ನುತ್ತಾರೆ. ಮೊದಲು ಚಿಪ್ಪನ್ನೋ ಕಲ್ಲನ್ನೋ ತೆಳ್ಳನೆಯ ಪಟ್ಟಿಯಾಗಿ ಕೊಯ್ಯಬೇಕು. ಪಟ್ಟಿಯನ್ನು ಇಕ್ಕಳದಲ್ಲಿ ಚಿಟಿಚಿಟಿ ಕತ್ತರಿಸಿ ಸಣ್ಣ ಚೌಕ ತುಂಡುಗಳನ್ನು ಮಾಡಬೇಕು. ಒಂದೊಂದನ್ನೂ ಚಿಮಟದಲ್ಲಿ ಹಿಡಿದು ನಡುವೆ ತೂತು ಕೊರೆಯಬೇಕು. ಅವರ ಅಜ್ಜಿ ಕೈಯಲ್ಲಿ ಒತ್ತಿ ತಿರುಗಿಸುವ ಮರದ ಬೈರಿಗೆಯಲ್ಲಿ ಕೊರೆಯುತ್ತಿದ್ದರಂತೆ. ಇವರದು ವಿದ್ಯುತ್ ಬೈರಿಗೆ, ಅದಕ್ಕೆ ಹಲ್ಲಿನ ಡಾಕ್ಟರು ಬಳಸುವಂಥ ಸಣ್ಣ ಮೊನೆ. ಕೊರೆದದ್ದನ್ನೆಲ್ಲ ಉಕ್ಕಿನ ತಂತಿಗೆ ಪೋಣಿಸಿದರೆ ಮುಳ್ಳುಮುಳ್ಳಾದ ಒಂದು ಸರ ಆಗುತ್ತದೆ. ಆ ಸರವನ್ನು ತಿರುಗುವ ಸಾಣೆಕಲ್ಲಿಗೆ ಹಿಡಿದು, ಬೆರಳಿನಿಂದ ಉರುಳಿಸುತ್ತ ಉರುಳಿಸುತ್ತ ಅರೆಯಬೇಕು. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಒತ್ತು ಒಂದಿಷ್ಟು ಹೆಚ್ಚಾದರೆ ಮಣಿ ಒಡೆದು ಹಾರುತ್ತದೆ, ಕಡಿಮೆಯಾದರೆ ಸರ ಒಂದು ಕಡೆ ದಪ್ಪ ಒಂದು ಕಡೆ ಸಪೂರ ಆಗುತ್ತದೆ. ಅಳತೆಯ ಉಪಕರಣ ಏನೂ ಇಲ್ಲ, ಹೆಬ್ಬೆರಳೇ ಅಳತೆ. ಆಮೇಲೆ ಒರಟಿನಿಂದ ನಯದವರೆಗೆ ಮರಳು ಕಾಗದಗಳು, ತೊಳೆಯುವುದು, ಕೊನೆಗೆ ಚರ್ಮದ ಮೇಲೆ ಉಜ್ಜಿ ಹೊಳಪು ಕೊಡುವುದು. ಟರ್ಕಾಯ್ಸ್ ಎಂಬ ನೀಲಿ ಕಲ್ಲಾದರೆ ತಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿಯೇ ಹೋಗುತ್ತದೆ.

ಅಪ್ಪಯ್ಯ ಕುಲುಮೆಯ ಸುತ್ತಲ ಕಸವನ್ನೂ ಕೂಡಿಟ್ಟು ಜಾಲಗಾರರಿಗೆ ಕೊಡುತ್ತಿದ್ದರು, ಅದರಲ್ಲಿ ಚೂರು ಚಿನ್ನ ಸಿಗುತ್ತಿತ್ತು. ಈ ಪುಡಿಗೆ ಬೆಲೆಯಿಲ್ಲ, ಕೇಡು ಮಾತ್ರ ಇದೆ. ಚಿಪ್ಪಿನ ಧೂಳು, ಕಲ್ಲಿನ ಧೂಳು ಪುಪ್ಪುಸಕ್ಕೆ ಇಳಿಯುತ್ತದೆ. ಆದ್ದರಿಂದ ಸಾಣೆಗೆ ನೀರು ಬಿಡುತ್ತಾರೆ, ಮುಖಕ್ಕೆ ಮಾಸ್ಕ್ ಕಟ್ಟುತ್ತಾರೆ. ಲ್ಯಾಬಿನವಳಾದ ನಾನು ಆ ವಿಷಯದಲ್ಲಿ ಮಾತ್ರ ಅವರಿಗೆ ಗಟ್ಟಿಯಾಗಿ ಹೇಳುವುದುಂಟು. ಮೊಮ್ಮಕ್ಕಳು ಅರೆಯುವ ಕೋಣೆಗೆ ಮಾಸ್ಕ್ ಇಲ್ಲದೆ ಬರಬಾರದೆಂಬ ಕಟ್ಟಳೆ ಆ ಮನೆಯಲ್ಲಿ ಈಗ ಇದೆ.

ಈ ಕಣಿವೆಯಲ್ಲಿ ಚಿಪ್ಪಿನ ಮಣಿ ಸ್ಪ್ಯಾನಿಷರು ಬರುವುದಕ್ಕಿಂತ ಎಷ್ಟೋ ಹಿಂದಿನದು. ಸಮುದ್ರವಿಲ್ಲದ ನಾಡಿಗೆ ಕ್ಯಾಲಿಫೋರ್ನಿಯಾ ಕೊಲ್ಲಿಯ ಚಿಪ್ಪು ಕಾಲುನಡಿಗೆಯ ವ್ಯಾಪಾರದಲ್ಲಿ ಬರುತ್ತಿತ್ತು. ಟರ್ಕಾಯ್ಸ್ ಹತ್ತಿರದ ಸೆರಿಯೋಸ್ ಗುಡ್ಡಗಳದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಲ್ಲು ಕೊಳ್ಳಲು ಕಾಸಿಲ್ಲದಾಗ ಕೇವಾದವರು ಕಾರಿನ ಹಳೆ ಬ್ಯಾಟರಿಯ ಕಪ್ಪು ಹೊದಿಕೆ, ಒಡೆದ ಗ್ರಾಮಫೋನ್ ತಟ್ಟೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆ ಕತ್ತರಿಸಿ, ಅವನ್ನು ಜಿಪ್ಸಮ್ ಮತ್ತು ಟರ್ಕಾಯ್ಸ್ ಚೂರುಗಳ ಜೊತೆ ಅಂಟಿಸಿ ಗರುಡನಂಥ ಹಕ್ಕಿಯ ಪದಕಗಳನ್ನು ಮಾಡಿದರು. ರೈಲು ನಿಲ್ದಾಣದಲ್ಲೂ ರಸ್ತೆ ಬದಿಯಲ್ಲೂ ಪ್ರವಾಸಿಗರಿಗೆ ಮಾರಿ ಹಿಟ್ಟು ತಂದರು. ಇವತ್ತು ಅದೇ ಬ್ಯಾಟರಿ ಪದಕಗಳನ್ನು ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ. ಇವರ ತಾಯಿ ಮಾಡಿದ ಒಂದು ಮನೆಯಲ್ಲಿದೆ, ಮಾರಾಟಕ್ಕಿಲ್ಲ. ಕೈಯಲ್ಲಿ ಹಿಡಿದಾಗ ಕಪ್ಪು ತುಂಡಿನ ಅಂಚಿನಲ್ಲಿ ಬ್ಯಾಟರಿಯ ಗೀರುಗಳು ಬೆರಳಿಗೆ ಸಿಗುತ್ತವೆ. ನಾನು ಈ ದೇಶದಲ್ಲಿ ಮುಟ್ಟಿದ ಆಭರಣಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಕಲ್ಲಿನ ಕಷ್ಟ ಈಗಲೂ ಇದೆ. ಅರಿಜೋನಾದ ಗ್ಲೋಬ್ ಊರಿನ ಹತ್ತಿರದ ಸ್ಲೀಪಿಂಗ್ ಬ್ಯೂಟಿ ಗಣಿ, ಆಕಾಶದಂಥ ತಿಳಿನೀಲಿ ಕಲ್ಲು ಕೊಡುತ್ತಿದ್ದ ಗಣಿ, 2012ರಲ್ಲಿ ಟರ್ಕಾಯ್ಸ್ ತೆಗೆಯುವುದನ್ನು ನಿಲ್ಲಿಸಿತು. ಬೆಲೆ ಏರಿತು. ನಮ್ಮ ಕಡೆ ಅಕ್ಕಸಾಲಿಗೆ ಗಿರಾಕಿಯೇ ಚಿನ್ನ ತಂದು ಕೊಡುತ್ತಿದ್ದರು, ಮಜೂರಿ ಮಾತ್ರ ನಮ್ಮದು. ಇಲ್ಲಿ ಕಲ್ಲು, ಚಿಪ್ಪು, ಬೆಳ್ಳಿ ಎಲ್ಲವನ್ನೂ ಕಸಬುದಾರರೇ ಕೈಯಿಂದ ಹಾಕಿ ಕೊಳ್ಳಬೇಕು. ಮಾರಿದರೆ ಬಂತು, ಮಾರದಿದ್ದರೆ ಡಬ್ಬಿಯಲ್ಲಿ ಕೂತಿತು.

ಮಾರುವ ಜಾಗದ ಬಗ್ಗೆ ಹೇಳಲೇಬೇಕು. ಸಾಂತಾ ಫೆಯ ಗವರ್ನರ್‌ಗಳ ಅರಮನೆ 1610ರ ಸುಮಾರಿಗೆ ಸ್ಪ್ಯಾನಿಷರು ಕಟ್ಟಿದ ಮಣ್ಣಿನ ಕಟ್ಟಡ. 1675ರಲ್ಲಿ ಪ್ಯೂಬ್ಲೋಗಳ ಧಾರ್ಮಿಕ ಹಿರಿಯರನ್ನು ಹಿಡಿದು ತಂದು ಇದೇ ಸಾಂತಾ ಫೆಯಲ್ಲಿ ಚಾವಟಿಯಿಂದ ಹೊಡೆಸಿದ್ದರು. ಹಾಗೆ ಹೊಡೆಸಿಕೊಂಡವರಲ್ಲಿ ಪೊಪೆ ಎಂಬವನೂ ಒಬ್ಬ. ಐದು ವರ್ಷದ ಮೇಲೆ, 1680ರ ಆಗಸ್ಟಿನಲ್ಲಿ, ಓಟಗಾರರ ಕೈಯಲ್ಲಿ ಗಂಟು ಹಾಕಿದ ಹಗ್ಗ ಕಳಿಸಿ, ದಿನಕ್ಕೊಂದು ಗಂಟು ಬಿಚ್ಚಿಸಿ, ಬೇರೆ ಬೇರೆ ಭಾಷೆಯಾಡುವ ಊರುಗಳನ್ನೆಲ್ಲ ಒಟ್ಟಿಗೆ ಎಬ್ಬಿಸಿದ. ಸ್ಪ್ಯಾನಿಷರು ಓಡಿಹೋದರು. ಹನ್ನೆರಡು ವರ್ಷ ಈ ಅರಮನೆಯಲ್ಲಿ ವಾಸವಾಗಿದ್ದವರು ಪ್ಯೂಬ್ಲೋ ಜನ. 1692ರಲ್ಲಿ ಸ್ಪ್ಯಾನಿಷರು ಮರಳಿ ಬಂದರೂ ಹಳೆಯ ದರ್ಪದಲ್ಲಿ ನಂಬಿಕೆಯ ಮೇಲೆ ಕೈ ಹಾಕಲು ಆಗಲಿಲ್ಲ. ಅಮೆರಿಕ ಸರ್ಕಾರ ಬಂದ ಮೇಲೆ ಇನ್ನೊಂದು ಸುತ್ತು: 1883ರ ನಿಯಮಗಳು ಮೂಲನಿವಾಸಿಗಳ ಕುಣಿತ, ಆಚರಣೆಗಳನ್ನು ಅಪರಾಧವೆಂದವು. ಅವರ ಧರ್ಮಸ್ವಾತಂತ್ರ್ಯವನ್ನು ಕಾನೂನು ಬಾಯಿಬಿಟ್ಟು ಒಪ್ಪಿಕೊಂಡದ್ದು 1978ರಲ್ಲಿ. ನನ್ನ ಗೆಳತಿ ಆಗಲೇ ಪ್ರಾಯದ ಹೆಂಗಸು.

ಈಗ ವಸ್ತುಸಂಗ್ರಹಾಲಯವಾಗಿರುವ ಆ ಅರಮನೆಯ ಜಗಲಿಯಲ್ಲಿ ಮೂಲನಿವಾಸಿ ಕಸಬುದಾರರು ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಬಟ್ಟೆ ಹಾಸಿ ಮಾರುತ್ತಾರೆ. ಬೆಳಗ್ಗೆ ಬಂದವರು ಜಾಗಕ್ಕಿಂತ ಹೆಚ್ಚಿದ್ದರೆ ಚೀಟಿ ಎತ್ತುತ್ತಾರೆ. ಚೀಟಿ ಬರದವರು ಮನೆಗೆ ಹೋಗಬೇಕು. ಮಾರುವುದೆಲ್ಲ ಸ್ವಂತ ಕೈಯದು ಅಥವಾ ಒಂದೇ ಮನೆಯವರದು ಆಗಿರಬೇಕು, ಮಾಡಿದವರ ಗುರುತು ಇರಬೇಕು. ಹೊಸಬರು ತಾವೇ ಮಾಡುತ್ತೇವೆಂದು ಮಾಡಿ ತೋರಿಸಿದ ಮೇಲೆಯೇ ಸಾಲಿಗೆ ಸೇರುವುದು. ಇದು ಮೂಲನಿವಾಸಿಗಳಿಗೆ ಮಾತ್ರ ಏಕೆ ಎಂದು ಹೊರಗಿನ ಕಸಬುದಾರರು ಕೋರ್ಟಿಗೂ ಹೋದರು. 1979ರಲ್ಲಿ ಮೇಲ್ಮನವಿ ನ್ಯಾಯಾಲಯ ವಸ್ತುಸಂಗ್ರಹಾಲಯದ ನಿಯಮವನ್ನೇ ಎತ್ತಿಹಿಡಿಯಿತು. ಚೀಟಿ ಬರದ ದಿನ ನನ್ನ ಗೆಳತಿ ಬೇಸರ ಮಾಡಿಕೊಂಡದ್ದು ನಾನು ನೋಡಿಲ್ಲ. "ಇವತ್ತು ಇನ್ನೊಬ್ಬರ ಮನೆಗೆ ಬೇಕಿತ್ತು" ಎನ್ನುತ್ತಾರೆ. ಪಿಕಪ್ ಕೆಟ್ಟಿದ್ದರೆ ಕೇವಾ ನಿಲ್ದಾಣದಿಂದ ರೈಲ್ ರನ್ನರ್ ಹತ್ತಿ ಬರುತ್ತಾರೆ, ಸರಗಳ ಚೀಲ ಮಡಿಲಲ್ಲಿಟ್ಟುಕೊಂಡು.

ಆ ಜಗಲಿಯಿಂದ ನಾಲ್ಕು ಹೆಜ್ಜೆ ನಡೆದರೆ ಅಂಗಡಿಗಳಲ್ಲಿ ಹೀಶಿ ಎಂಬ ಹೆಸರಿನಲ್ಲೇ ಸರಗಳು ನೇತಾಡುತ್ತವೆ, ಇಪ್ಪತ್ತು ಡಾಲರಿಗೆ. ವಿದೇಶದ ಕಾರ್ಖಾನೆಯ ಮಾಲು, ಎಷ್ಟೋ ಸಲ ಬಣ್ಣ ಹಾಕಿದ ಬೇರೆ ಯಾವುದೋ ಕಲ್ಲು. 1990ರ ಇಂಡಿಯನ್ ಕಲೆ ಮತ್ತು ಕರಕುಶಲ ಕಾಯ್ದೆಯ ಪ್ರಕಾರ ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರಿದರೆ ಮೊದಲ ಸಲಕ್ಕೇ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು. ಫಿಲಿಪೀನ್ಸ್‌ನಲ್ಲಿ ಮಾಡಿಸಿದ ಆಭರಣವನ್ನು ಮೂಲನಿವಾಸಿಗಳದೆಂದು ಮಾರಿದ ಇಲ್ಲಿನ ವ್ಯಾಪಾರಿಯೊಬ್ಬನಿಗೆ 2018ರಲ್ಲಿ ಆರು ತಿಂಗಳ ಜೈಲಾಯಿತು. ಒಂದು ಪ್ರಕರಣ ಸಾಬೀತಾಗಲು ವರ್ಷಗಳು ಬೇಕು. ಅಷ್ಟರಲ್ಲಿ ಜಗಲಿಯಲ್ಲಿ ಕೂತವರ ಬೆಲೆ ಬಿದ್ದಾಗಿರುತ್ತದೆ. ಮುನ್ನೂರು ಡಾಲರಿನ ಸರ ನೋಡಿ "ಆ ಅಂಗಡಿಯಲ್ಲಿ ಇಪ್ಪತ್ತಕ್ಕಿದೆ" ಎಂದು ಮುಖದ ಮೇಲೆ ಹೇಳಿ ಹೋಗುವವರನ್ನು ನಾನೇ ನೋಡಿದ್ದೇನೆ. ಕೇಳಿ ನನಗೆ ಮೈ ಉರಿಯುತ್ತದೆ. ನಮ್ಮೂರಲ್ಲಿ ಯಂತ್ರದ ಒಡವೆ ಬಂದು ಅಪ್ಪಯ್ಯನ ಕುಲುಮೆ ಆರಿದ್ದನ್ನು ಕಂಡವಳು ನಾನು. ಅವರು ಮಾತ್ರ ಆ ಸರವನ್ನು ಮತ್ತೆ ನೇರ ಮಾಡಿ ಬಟ್ಟೆಯ ಮೇಲೆ ಇಡುತ್ತಾರೆ.

ಅವರ ಮನೆಯ ಬಗ್ಗೆ ಕೇಳುವವರಿದ್ದಾರೆ, ಬಡತನವೇ ಎಂದು. ಎರಡು ಕೋಣೆಯ ಹಳೆಯ ಮಣ್ಣಿನ ಮನೆ, ಹಿಂದೆ ಸೇರಿಸಿಕೊಂಡ ಒಂದು ಕೆಲಸದ ಕೋಣೆ. ಚಳಿಗಾಲಕ್ಕೆ ಕಟ್ಟಿಗೆ ಒಲೆ. ಹೊಲದಲ್ಲಿ ಮೆಕ್ಕೆಜೋಳ, ಮೆಣಸು, ಕುಂಬಳ. ಬೇಡದ ವಸ್ತು ಮನೆಗೆ ಬರುವುದಿಲ್ಲ, ಬೇಕಾದ್ದು ಇನ್ನೊಬ್ಬರಿಗೂ ಬೇಕಿದ್ದರೆ ಹೊರಗೆ ಹೋಗುತ್ತದೆ. ಆ ದುಡಿಮೆಯಲ್ಲಿ 2020ರವರೆಗೆ ಮೂರು ತಲೆಮಾರು ಉಣ್ಣುತ್ತಿತ್ತು: ವಯಸ್ಸಾದ ಅತ್ತೆ, ಇವರಿಬ್ಬರು, ಮಗಳು ತೀರಿಕೊಂಡ ಮೇಲೆ ಇಲ್ಲೇ ಬೆಳೆದ ಮೊಮ್ಮಕ್ಕಳು. ಪ್ರೋಪೇನ್ ಬಿಲ್ಲು ಕಟ್ಟಲಿಕ್ಕಾಗಿಯೇ ಮನೆಗೆ ಬಂದ ಸಗಟು ವ್ಯಾಪಾರಿಗೆ ಅರ್ಧ ಬೆಲೆಗೆ ಸರ ಕೊಟ್ಟ ಚಳಿಗಾಲಗಳು ಇವೆ. ಅದನ್ನು ಚೆಂದ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಕಷ್ಟ ಕಷ್ಟವೇ.

ಆದರೆ ನಗರದಲ್ಲಿ ಸಂಬಳದ ಕೆಲಸ ಸಿಕ್ಕಿದ್ದನ್ನು ಇವರೇ ಬಿಟ್ಟವರು. ಪ್ರಾಯದಲ್ಲಿ ಆಲ್ಬುಕರ್ಕಿಯ ಕಚೇರಿಯೊಂದರಲ್ಲಿ ಟೈಪಿಂಗ್ ಮಾಡುತ್ತಿದ್ದರು. ಹಬ್ಬಕ್ಕೆ ರಜೆ ಕೇಳಿದರೆ ಒಂದು ದಿನ ಕೊಡುತ್ತಿದ್ದರಂತೆ. ಊರಿನ ಹಬ್ಬ ಒಂದು ದಿನದ ಮಾತೇ? ವಾರಗಳ ಅಭ್ಯಾಸ, ಅಡುಗೆ, ಉಪವಾಸ. ವಸಂತದಲ್ಲಿ ಕಾಲುವೆ ಹೂಳೆತ್ತಲು ಮನೆಗೊಬ್ಬರು ಹೋಗಬೇಕು. ಯಾರಾದರೂ ತೀರಿಕೊಂಡರೆ ನಾಲ್ಕು ದಿನ ಬೇರೆ ಕೆಲಸವಿಲ್ಲ. ಪ್ರತಿ ವರ್ಷ ಜನವರಿಯಲ್ಲಿ ಊರಿನ ಹೊಸ ಗವರ್ನರ್ ಮತ್ತು ಅಧಿಕಾರಿಗಳು ಬೆತ್ತ ಹಿಡಿಯುತ್ತಾರೆ. ಆ ಬೆತ್ತಗಳಲ್ಲಿ ಒಂದು 1863ರಲ್ಲಿ ಲಿಂಕನ್ ಕೊಟ್ಟದ್ದು. ಒಂದು ವರ್ಷ ಇವರ ಗಂಡನಿಗೂ ಊರಿನ ಹೊಣೆ ಬಂತು. ಇಲ್ಲ ಎನ್ನುವ ಹಾಗಿಲ್ಲ, ಅದಕ್ಕೆ ಸಂಬಳವೂ ಇಲ್ಲ. ಆ ವರ್ಷವಿಡೀ ಬೆಳ್ಳಿ ಕೆಲಸದ ಮೇಜು ಖಾಲಿ, ಇಡೀ ಮನೆ ನಡೆದದ್ದು ಇವರ ಮಣಿಯ ಮೇಲೆ. "ಮಣಿ ನನಗೆ ಕಾಯುತ್ತದೆ, ಕಚೇರಿ ಕಾಯುತ್ತಿರಲಿಲ್ಲ" ಎಂದರು ಒಮ್ಮೆ, ಕೊರೆಯುತ್ತಲೇ. ಅವರ ಸರಳ ಬದುಕನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ದೇವರಿಗೂ ಊರಿಗೂ ಕೊಡಬೇಕಾದ ಹೊತ್ತನ್ನು ಮೊದಲು ಎತ್ತಿಟ್ಟು, ಉಳಿದ ಹೊತ್ತಿನಲ್ಲಿ ಎಷ್ಟು ಮಣಿಯಾಗುತ್ತದೋ ಅಷ್ಟರಲ್ಲಿ ಮನೆ ನಡೆಸುತ್ತಾರೆ. ಹೆಚ್ಚು ಬೇಕೆಂದರೆ ಎತ್ತಿಟ್ಟ ಹೊತ್ತಿಗೆ ಕೈ ಹಾಕಬೇಕು. ಅದಕ್ಕೆ ಅವರು ಕೈ ಹಾಕುವುದಿಲ್ಲ.

ಬೆಳಗ್ಗೆ ಕೆಲಸಕ್ಕೆ ಕೂರುವ ಮೊದಲು ಪ್ರಾರ್ಥನೆ ಇದೆ, ತಮ್ಮ ಭಾಷೆ ಕೇರೆಸ್‌ನಲ್ಲಿ. ಭಾನುವಾರ ಇಗರ್ಜಿಯೂ ಇದೆ. ಮುಂಭಾಗದಲ್ಲಿ ಕುದುರೆಗಳ ಚಿತ್ರವಿರುವ ಬಿಳಿಯ ಮಣ್ಣಿನ ಇಗರ್ಜಿ ಅದು. ಹಿಂದಿನದನ್ನು 1886ರ ಪ್ರವಾಹದಲ್ಲಿ ನದಿ ಒಯ್ದ ಮೇಲೆ ಕಟ್ಟಿಕೊಂಡದ್ದು. ಎರಡೂ ಹೇಗೆ ಒಟ್ಟಿಗೆ ಇರುತ್ತವೆ ಎಂದು ಹೊರಗಿನವರು ತಲೆ ಕೆಡಿಸಿಕೊಳ್ಳುತ್ತಾರೆ. ಭೂತದ ಕೋಲವೂ ದೇವಸ್ಥಾನದ ರಥವೂ ಇರುವ ಸೀಮೆಯಿಂದ ಬಂದ ನನಗೆ ಆ ಪ್ರಶ್ನೆ ಏಳಲೇ ಇಲ್ಲ.

ಆಗಸ್ಟ್ 4ರಂದು ಸಂತ ಡೊಮಿನಿಕ್‌ನ ಮೂರ್ತಿಯನ್ನು ಇಗರ್ಜಿಯಿಂದ ಊರ ನಡುವಿನ ಬಯಲಿಗೆ ತಂದು, ಹಸಿರು ಟೊಂಗೆಗಳ ಚಪ್ಪರದಲ್ಲಿ ಕೂರಿಸುತ್ತಾರೆ. ಅದರೆದುರು ಮೆಕ್ಕೆಜೋಳದ ಕುಣಿತ. ಟರ್ಕಾಯ್ಸ್, ಕುಂಬಳ ಎಂಬ ಎರಡು ಬಣಗಳು ಸರದಿಯಲ್ಲಿ ಬರುತ್ತವೆ; ನೂರಾರು ಜನ, ಅಜ್ಜಂದಿರಿಂದ ಹಿಡಿದು ಈಗಷ್ಟೇ ನಡೆಯಲು ಕಲಿತ ಮಕ್ಕಳವರೆಗೆ, ಸುಡುವ ಬಿಸಿಲಿನಲ್ಲಿ ದಿನವಿಡೀ. ಹೆಂಗಸರ ಕೊರಳಲ್ಲಿ ಮಾರುಕಟ್ಟೆ ಎಂದೂ ಕಾಣದ ಸರಗಳು. ಮನೆಯಲ್ಲಿ ಎಂಥ ಒಳ್ಳೆಯ ಮಣಿ ಇರುತ್ತದೆಂದು ನನಗೆ ತಿಳಿದದ್ದು ಆವತ್ತೇ. ಚಪ್ಪಾಳೆ ಇಲ್ಲ, ಅದು ಪ್ರಾರ್ಥನೆ. ಫೋಟೋ ಇಲ್ಲ, ಫೋನ್ ಕಾರಿನಲ್ಲೇ ಇರಬೇಕು. ಎಲ್ಲ ಮನೆಯ ಬಾಗಿಲೂ ತೆರೆದಿರುತ್ತದೆ. ಕೆಂಪು ಮೆಣಸಿನ ಮಾಂಸದ ಸಾರು, ಪೊಸೋಲೆ ಎಂಬ ಮೆಕ್ಕೆಜೋಳದ ಸಾರು, ಒಲೆಯ ಬ್ರೆಡ್, ಕಲ್ಲಂಗಡಿ. ನಾನು ಮಾಂಸ ತಿನ್ನುವುದಿಲ್ಲವೆಂದು ಬೇರೆ ಪಾತ್ರೆಯಲ್ಲಿ ಅವರೆಯಂಥ ಕಾಳು ಬೇಯಿಸಿಟ್ಟಿರುತ್ತಾರೆ. ಗುರುತಿಲ್ಲದವರನ್ನೂ ಕರೆದು ಕೂರಿಸುತ್ತಾರೆ. ಉಂಡವರು ಬೇಗ ಎದ್ದು ಜಾಗ ಬಿಡಬೇಕು, ಹೊರಗೆ ಇನ್ನಷ್ಟು ಜನ ನಿಂತಿರುತ್ತಾರೆ. ಇಡೀ ಬೇಸಿಗೆಯ ಉಳಿತಾಯ ಆ ಒಂದು ದಿನದ ಅಡುಗೆಯಲ್ಲಿ ಹೋಗುತ್ತದೆ. ಆಮೇಲೆ ಎರಡು ವಾರದಲ್ಲಿ ಸಂತೆ.

2020ರಲ್ಲಿ ಎರಡೂ ನಿಂತವು. ಮಾರ್ಚ್‌ನಲ್ಲಿ ಜಗಲಿ ಮುಚ್ಚಿತು, ಪ್ಯೂಬ್ಲೋಗಳು ಹೊರಗಿನವರಿಗೆ ದಾರಿ ಮುಚ್ಚಿದವು, ಇಂಡಿಯನ್ ಮಾರ್ಕೆಟ್ ಅಂತರ್ಜಾಲಕ್ಕೆ ಹೋಯಿತು. ನಾನು ಲ್ಯಾಬಿನಲ್ಲಿ ಹಗಲು ರಾತ್ರಿ ಸ್ಯಾಂಪಲ್ ನೋಡುತ್ತಿದ್ದೆ. ಅವರ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಊರ ಗಡಿಯಲ್ಲಿ ಅಕ್ಕಿ, ಎಣ್ಣೆ ಇಟ್ಟು ಬರುತ್ತಿದ್ದೆ, ಇನ್ನೊಂದು ಸಲ ಹೋದಾಗ ಅಲ್ಲಿ ನನಗೊಂದು ಬ್ರೆಡ್ ಇರುತ್ತಿತ್ತು. ಆ ವರ್ಷ ಊರು ಹಲವು ಹಿರಿಯರನ್ನು ಕಳೆದುಕೊಂಡಿತು. ಅತ್ತೆಯೂ ಹೋದರು. ನನ್ನ ಗೆಳತಿ ಮಣಿ ಮಾಡುವುದನ್ನು ನಿಲ್ಲಿಸಲಿಲ್ಲ. ಕೊಳ್ಳುವವರಿಲ್ಲದ ಆ ತಿಂಗಳುಗಳಲ್ಲಿ ಮಾಡಿದ ಬಿಳಿ ಚಿಪ್ಪಿನ ಉದ್ದನೆಯ ಸರವೊಂದನ್ನು ಈಗ ಮೊಮ್ಮಗಳು ಹಬ್ಬಕ್ಕೆ ಹಾಕಿಕೊಳ್ಳುತ್ತಾಳೆ.

ಅಕ್ಟೋಬರಿನಲ್ಲಿ ಬಲೂನ್ ಹಬ್ಬಕ್ಕೆಂದು ಆಲ್ಬುಕರ್ಕಿಗೆ ಬರುವ ಕನ್ನಡದವರು ನೆನಪಿನ ಕಾಣಿಕೆ ಎಲ್ಲಿ ಕೊಳ್ಳಬೇಕೆಂದು ನನ್ನನ್ನು ಕೇಳುತ್ತಿರುತ್ತಾರೆ. ಸಾಂತಾ ಫೆಯ ಆ ಜಗಲಿಗೆ ಬೆಳಗ್ಗೆಯೇ ಹೋಗಿ. ಯಾರು ಮಾಡಿದ್ದು, ಯಾವ ಚಿಪ್ಪು, ಕಲ್ಲು ಸಹಜದ್ದೋ ಗಟ್ಟಿ ಮಾಡಿದ್ದೋ ಎಂದು ಕೇಳಿ, ಸಂತೋಷದಿಂದ ಹೇಳುತ್ತಾರೆ. ಸರವನ್ನು ಬೆರಳ ನಡುವೆ ಎಳೆದು ನೋಡಿ, ಒಳ್ಳೆಯದಾದರೆ ಎಲ್ಲೂ ತಡೆಯುವುದಿಲ್ಲ. ಚೌಕಾಸಿ ದಯವಿಟ್ಟು ಬೇಡ. ದುಡ್ಡು ಕಡಿಮೆಯಿದ್ದರೆ ಸಣ್ಣ ಓಲೆಯೊಂದನ್ನು ಕೊಳ್ಳಿ, ಅದೂ ಅದೇ ಕೈಯದು. ಮಾಡಿ ತೋರಿಸುವ ಪರೀಕ್ಷೆ ಮುಗಿಸಿ ಮೊಮ್ಮಗಳೂ ಈ ಬೇಸಿಗೆಯಿಂದ ಚೀಟಿ ಎತ್ತುವ ಸಾಲಿಗೆ ಸೇರಿದ್ದಾಳೆ. ಅಜ್ಜಿಯಷ್ಟು ಸಪೂರ ಮಣಿ ಅವಳಿಗಿನ್ನೂ ಬಂದಿಲ್ಲ, ಆದರೆ ಕಿತ್ತಳೆ ಚಿಪ್ಪಿನ ಓಲೆಗಳನ್ನು ಬಹಳ ಚೆನ್ನಾಗಿ ಮಾಡುತ್ತಾಳೆ. ಶನಿವಾರಗಳಲ್ಲಿ ಇರುತ್ತಾಳೆ, ಊರಲ್ಲಿ ಏನೂ ಇಲ್ಲದಿದ್ದರೆ.